ನಲವತ್ತೊಂದನೆಯ ನಾಯಿಯ ಸ್ವಭಾವ

ಮೇ 6

ತರಬೇತಿ ಕೇಂದ್ರದ ಪರೀಕ್ಷಕರಿಗೆ,

ಹಿಂದೆ ನಿಮ್ಮನ್ನು ಭಾವ ಎಂದು ಕರೆಯುತ್ತಿದ್ದೆ. ಅಕ್ಕ ನಿಮ್ಮ ಮನೆ ಬಿಟ್ಟು ನನ್ನ ಮನೆಗೆ ಬಂದು ಆರು ವರ್ಷವಾಯಿತು. ಈಗ ಆ ಪದ ಬಳಸಿದರೆ ಇಬ್ಬರಿಗೂ ಮುಜುಗರ. ಇದು ಕಚೇರಿಯ ವಿಷಯ, ಕಚೇರಿಯ ರೀತಿಯಲ್ಲೇ ಬರೆಯುತ್ತೇನೆ.

ನಿಮ್ಮ ಕೇಂದ್ರದ ಪತ್ರ ನಿನ್ನೆ ತಲುಪಿತು. ಜನವರಿಯಲ್ಲಿ ನನಗೆ ದಾರಿ ತೋರಿಸಲು ಕೊಟ್ಟ ನಲವತ್ತೊಂದನೆಯ ನಂಬರಿನ ಹೆಣ್ಣುನಾಯಿ ಕೊನೆಯ ಪರೀಕ್ಷೆಯಲ್ಲಿ ನಪಾಸಾಗಿದೆಯಂತೆ. ಜುಲೈ ಮೂವತ್ತೊಂದರೊಳಗೆ ವಾಪಸು ಒಪ್ಪಿಸಬೇಕಂತೆ. ನಿಮ್ಮ ವರದಿಯ ಪ್ರತಿಯನ್ನೂ ಇಟ್ಟಿದ್ದರು. ಅಕ್ಕನಿಂದ ಎರಡು ಸಲ ಓದಿಸಿದೆ. ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದು, ಸರಿ. ವಾಹನಗಳ ನಡುವೆ ನಡೆಯುವುದು, ಸರಿ. ಮೆಟ್ಟಿಲು, ಜನಜಂಗುಳಿ, ತಲೆಗೆ ತಗಲುವ ಕೊಂಬೆ, ಎಲ್ಲವೂ ಸರಿ. ಕೊನೆಯಲ್ಲಿ ಸ್ವಭಾವ ಎಂಬ ಕಾಲಂ. ಅಲ್ಲಿ ನೀವು ಬರೆದಿರುವುದು ಒಂದೇ ಇಂಗ್ಲಿಷ್ ಪದ. ಪ್ಲೇಫುಲ್.

ಆ ಒಂದು ಪದಕ್ಕೆ ನಾಯಿ ಹೋಗುತ್ತದೆ.

ನಾನು ಆಸ್ಪತ್ರೆಯ ದಾಖಲೆ ವಿಭಾಗದ ಟೈಪಿಸ್ಟ್. ಡಾಕ್ಟರುಗಳು ಯಂತ್ರಕ್ಕೆ ಹೇಳಿಟ್ಟಿದ್ದನ್ನು ಕಿವಿಗೆ ಸಿಕ್ಕಿಸಿಕೊಂಡು ಟೈಪ್ ಮಾಡುತ್ತೇನೆ. ಮಕ್ಕಳ ವಾರ್ಡಿನ ಡಾಕ್ಟರಮ್ಮ ಈ ಪದವನ್ನು ವಾರಕ್ಕೆ ಹತ್ತು ಸಲವಾದರೂ ಹೇಳುತ್ತಾರೆ. ಜ್ವರ ಇಳಿದಿದೆ, ಹಾಲು ಕುಡಿದಿದೆ, ಮಗು ಪ್ಲೇಫುಲ್ ಆಗಿದೆ. ಅದರ ಮುಂದಿನ ಸಾಲು ಬದಲಾದದ್ದನ್ನು ನಾನು ಕೇಳಿಲ್ಲ. ಮನೆಗೆ ಕಳಿಸಬಹುದು. ಯಾವ ಪದ ಕೇಳಿದರೆ ತಾಯಂದಿರು ಬಟ್ಟೆಬರೆ ಕಟ್ಟಿಕೊಳ್ಳಲು ಶುರುಮಾಡುತ್ತಾರೋ, ಅದೇ ಪದದಿಂದ ನೀವು ನನ್ನ ನಾಯಿಯನ್ನು ಹೊರಗೆ ಹಾಕಿದ್ದೀರಿ.

ನನ್ನ ಮನೆಯಿಂದ ಆಸ್ಪತ್ರೆಗೆ ಒಂದು ಸಾವಿರದ ನೂರು ಹೆಜ್ಜೆ, ನಡುವೆ ಎರಡು ರಸ್ತೆ ದಾಟಬೇಕು. ಕಣ್ಣು ಹೋದ ಮೇಲೆ ಎಂಟು ವರ್ಷ ಯಾರದಾದರೂ ತೋಳು ಹಿಡಿದೇ ಅದನ್ನು ನಡೆದೆ, ಅದರಲ್ಲಿ ಕೊನೆಯ ಐದೂವರೆ ವರ್ಷ ಅಕ್ಕನ ತೋಳು. ಈ ನಾಲ್ಕು ತಿಂಗಳು ಒಬ್ಬನೇ ನಡೆದಿದ್ದೇನೆ. ವರದಿ ಬದಲಿಸುವ, ಇಲ್ಲವೇ ಮರುಪರೀಕ್ಷೆ ಕೇಳುವ ಅಧಿಕಾರ ನಿಮಗೆ ಮಾತ್ರ ಇದೆ ಎಂದು ಕೇಂದ್ರದವರು ಬರೆದಿದ್ದಾರೆ. ಬದಲಿಸಿ.

ಅಕ್ಕನ ಮೇಲಿನ ಸಿಟ್ಟನ್ನು ನಾಲ್ಕು ಕಾಲಿನ ಪ್ರಾಣಿಯ ಮೇಲೆ ತೀರಿಸಿಕೊಳ್ಳುವುದು ಗಂಡಸಿಗೆ ಹೇಳಿಸಿದ್ದಲ್ಲ. ಉತ್ತರ ಬರೆಯುವಾಗ ಒಂದು ನೆನಪಿರಲಿ. ನನ್ನ ಪತ್ರ ನಾನೇ ಟೈಪ್ ಮಾಡುತ್ತೇನೆ, ನಿಮ್ಮದನ್ನು ಅಕ್ಕ ಓದುತ್ತಾಳೆ.

ಟೈಪಿಸ್ಟ್


ಮೇ 14

ಭಾವಮೈದನಿಗೆ,

ನಾನು ಕಂಡದ್ದನ್ನು ಬರೆದಿದ್ದೇನೆ. ನೀನು ಕಾಣಲಾರೆ, ಆದ್ದರಿಂದ ಹೇಳುತ್ತೇನೆ. ಏಪ್ರಿಲ್ ಹದಿನೆಂಟರಂದು ನೀನು ನಾಯಿಯ ಎದೆಪಟ್ಟಿಯ ಹಿಡಿಕೆ ಹಿಡಿದು ಆಸ್ಪತ್ರೆಯ ಎರಡನೇ ರಸ್ತೆ ದಾಟುತ್ತಿದ್ದೆ. ನಾನು ಆರು ಹೆಜ್ಜೆ ಹಿಂದೆ ಇದ್ದೆ. ರಸ್ತೆಯ ಮಧ್ಯಕ್ಕೆ ಬಂದಾಗ ಒಂದು ಚೆಂಡು ಅಡ್ಡ ಹೋಯಿತು. ನಾಯಿ ನೇರ ಗೆರೆ ಬಿಟ್ಟು ಎಡಕ್ಕೆ ಮೂರು ಹೆಜ್ಜೆ ಹೋಯಿತು. ಜೊತೆಗೆ ನೀನೂ ಹೋದೆ. ಬರುತ್ತಿದ್ದ ವ್ಯಾನಿನವನು ಬ್ರೇಕ್ ಒತ್ತಿದ, ನಿನಗೆ ಒಂದು ಬೈಗುಳವನ್ನೂ ಕೊಟ್ಟ. ಅದು ನಿನಗೆ ಕೇಳಿಸಿರಬೇಕು.

ನಮ್ಮ ಫಾರಂ ಇಂಗ್ಲಿಷಿನದು. ಸ್ವಭಾವದ ಕಾಲಮ್ಮಿಗೆ ನಾಲ್ಕು ಪದ ಕೊಟ್ಟಿದ್ದಾರೆ, ಅದರಲ್ಲಿ ಒಂದನ್ನು ಬರೆಯಬೇಕು. ಸ್ಟೆಡಿ, ಅಲರ್ಟ್, ಟಿಮಿಡ್, ಪ್ಲೇಫುಲ್. ಮೊದಲಿನ ಎರಡಕ್ಕೆ ಪಾಸು, ಕಡೆಯ ಎರಡಕ್ಕೆ ನಪಾಸು. ಪ್ಲೇಫುಲ್ ಎಂದರೆ ಏನೆಂದು ಕೈಪಿಡಿಯಲ್ಲಿದೆ. ಎದೆಪಟ್ಟಿ ಕಟ್ಟಿರುವಾಗ, ಕೆಲಸದ ನಡುವೆ, ಆಟಕ್ಕೆ ಮನಸ್ಸು ಹರಿಯುವ ನಾಯಿ. ಅದು ಬೈಗುಳವಲ್ಲ. ಅಂಥ ನಾಯಿ ಬೇರೆ ಮನೆಗಳಲ್ಲಿ ಸುಖವಾಗಿರುತ್ತದೆ. ಕುರುಡನ ಕೈಗೆ ಕೊಡುವುದಿಲ್ಲ, ಅಷ್ಟೆ.

ನಿನ್ನ ಡಾಕ್ಟರಮ್ಮನ ಮಗು ಯಾರನ್ನೂ ರಸ್ತೆ ದಾಟಿಸುವುದಿಲ್ಲ.

ಗಂಡಸಿನ ಮಾತು ಎತ್ತಿದ್ದೀಯ. ನೀನು ಕಣ್ಣು ಕಳೆದುಕೊಂಡೆ ಎಂದು ನನ್ನ ಮನೆ ಖಾಲಿಯಾಯಿತು. ಮೂರು ವಾರಕ್ಕೆಂದು ಹೋದವಳು ಅಲ್ಲೇ ಉಳಿದಳು. ಆಗ ನಾನು ಯಾರ ಮೇಲೂ ಏನನ್ನೂ ತೀರಿಸಿಕೊಳ್ಳಲಿಲ್ಲ. ಈಗ ಒಂದು ಫಾರಮ್ಮಿನಲ್ಲಿ ತೀರಿಸಿಕೊಳ್ಳುತ್ತೇನೆಯೇ.

ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡು. ನಾಲ್ಕು ತಿಂಗಳಲ್ಲಿ ಈ ನಾಯಿಯ ಜೊತೆ ಎಷ್ಟು ಸಲ ಬಿದ್ದಿದ್ದೀಯ?

ಪರೀಕ್ಷಕ


ಮೇ 20

ಪರೀಕ್ಷಕರಿಗೆ,

ಒಂದು ಸಲವೂ ಇಲ್ಲ.

ನನ್ನನ್ನು ಏಕವಚನದಲ್ಲಿ ಕರೆಯುವ ಸಲಿಗೆಯನ್ನು ಬಿಡಿ. ನನಗೆ ಐವತ್ತೊಂದು. ಕುರುಡ ಎಂಬ ಪದವನ್ನು ಬೇಕಾದರೆ ಇಟ್ಟುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ನಿಮ್ಮ ನಾಲ್ಕು ಪದಗಳನ್ನು ನಿಘಂಟಿನಲ್ಲಿ ಹುಡುಕಿಸಿದೆ. ಮೂರಕ್ಕೆ ತಕ್ಷಣ ಕನ್ನಡ ಸಿಕ್ಕಿತು. ಪ್ಲೇಫುಲ್ ಬಂದಾಗ ನಿಘಂಟು ತಡವರಿಸುತ್ತದೆ. ಆಟಗುಳಿತನದ, ವಿನೋದಪ್ರಿಯ, ಚೇಷ್ಟೆಯ, ಲವಲವಿಕೆಯ. ಇವುಗಳಲ್ಲಿ ಯಾವುದು ನನ್ನ ನಾಯಿ? ಫಾರಂ ಕನ್ನಡದಲ್ಲಿದ್ದು, 'ಲವಲವಿಕೆಯ' ಎಂದು ಬರೆದು ನಪಾಸು ಮಾಡಲು ನಿಮಗೆ ಕೈ ಬರುತ್ತಿತ್ತೇ? ಇಂಗ್ಲಿಷ್ ಇದ್ದದ್ದರಿಂದ ಸುಲಭವಾಯಿತು.

ಇನ್ನೊಂದು ಗಮನಿಸಿದ್ದೇನೆ. ಹದಿನೆಂಟು ವರ್ಷದಿಂದ ಡಾಕ್ಟರುಗಳ ಮಾತು ಟೈಪ್ ಮಾಡುತ್ತಿದ್ದೇನೆ. ಈ ಪದವನ್ನು ಅವರು ಮಕ್ಕಳಿಗೆ ಮಾತ್ರ ಹೇಳುತ್ತಾರೆ. ಹನ್ನೆರಡು ದಾಟಿದ ಯಾರಿಗೂ ಹೇಳಿದ್ದನ್ನು ಕೇಳಿಲ್ಲ. ಐವತ್ತು ದಾಟಿದ ರೋಗಿ ನರ್ಸಿನ ಜೊತೆ ನಗೆಯಾಡಿದರೆ ಅವರು ಬರೆಸುವುದು ಬೇರೆ. ಸಮಯಪ್ರಜ್ಞೆ ಇಲ್ಲ, ವರ್ತನೆ ಸಂದರ್ಭಕ್ಕೆ ತಕ್ಕಂತಿಲ್ಲ. ಒಂದು ವಯಸ್ಸಾದ ಮೇಲೆ ಆಟ ಎಂಬುದು ಒಂದು ಲಕ್ಷಣ, ಔಷಧಿ ಕೊಡಬೇಕಾದ್ದು. ನೀವೂ ಅದೇ ಜಾತಿಯ ಡಾಕ್ಟರು.

ನಾಯಿಯನ್ನು ನಾನು ಮೇಡಂ ಎಂದು ಕರೆಯುತ್ತೇನೆ. ಕೇಂದ್ರದ ನಂಬರು ಕರೆಯಲು ಬರುವುದಿಲ್ಲ. ದಾಖಲೆ ವಿಭಾಗದಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ನಮ್ಮ ಹೆಡ್‌ಕ್ಲರ್ಕ್ ಬೆಳಿಗ್ಗೆ ಬಂದವರು ಮೊದಲು ಅವಳನ್ನು ವಿಚಾರಿಸುತ್ತಾರೆ. "ಮೇಡಂ ಇವತ್ತು ಎಷ್ಟೊತ್ತಿಗೆ ಬಂದ್ರು?" "ನನ್ನ ಜೊತೇನೇ ಬಂದ್ರು ಸಾರ್." "ಹಾಗಿದ್ರೆ ನೀವೂ ಟೈಮಿಗೆ ಸರಿಯಾಗಿ ಬಂದ್ರಿ ಅನ್ನಿ." ಇಂಥ ಮಾತು ನಿಮ್ಮ ಕೇಂದ್ರದಲ್ಲಿ ಆಡುತ್ತಾರೋ ಇಲ್ಲವೋ.

ನಿಮ್ಮ ಮನೆ ಖಾಲಿಯಾದದ್ದು ನನ್ನ ಕಣ್ಣಿನಿಂದಲ್ಲ. ಅದರ ಕಾರಣ ಬೇಕಿದ್ದರೆ ನಿಮ್ಮ ಪತ್ರಗಳನ್ನು ಓದುತ್ತಿರುವವಳನ್ನೇ ಕೇಳಿ. ಟೈಪ್ ಮಾಡಿ ಕಳಿಸಿದರೆ ನನ್ನ ಆಫೀಸಿನ ಯಂತ್ರವೇ ಓದುತ್ತದೆ ಎಂದು ನಿಮಗೆ ಗೊತ್ತು. ಆದರೂ ಕೈಯಲ್ಲೇ ಬರೆಯುತ್ತೀರಿ. ಯಾಕೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಖಾಲಿಯಾದ ಮನೆಯ ಸಾಲು ಬಂದಾಗ ಅವಳು ಒಂದು ಸಣ್ಣ ನಗೆ ನಕ್ಕಳು. ಅದು ಖುಷಿಯ ನಗೆಯಾಗಿರಲಿಲ್ಲ.

ಟೈಪಿಸ್ಟ್


ಜೂನ್ 17

ಟೈಪಿಸ್ಟರಿಗೆ,

ನೀವು ಸುಳ್ಳು ಹೇಳುತ್ತಿದ್ದೀರಿ. ಪರೀಕ್ಷೆಗೆ ಮುಂಚೆ ಎದೆಪಟ್ಟಿ, ಹಿಡಿಕೆ ತಪಾಸಣೆ ಮಾಡುವುದು ನನ್ನ ಕೆಲಸ. ಹಿಡಿಕೆಯ ಬಲಗಡೆಯ ಕಂಬಿ ಒಳಕ್ಕೆ ಬಾಗಿತ್ತು. ಚರ್ಮದ ಮೇಲೆ ಸಿಮೆಂಟಿಗೆ ಉಜ್ಜಿದ ಗುರುತು ಒಂದು ಗೇಣಿನಷ್ಟಿತ್ತು. ಗೋಡೆಗೆ ತಗಲಿದರೆ ಹಾಗಾಗುವುದಿಲ್ಲ. ಹಿಡಿದವನು ಬಿಡದೆ ಬಿದ್ದರೆ ಹಾಗಾಗುತ್ತದೆ. ನಿಮ್ಮ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಜನವರಿಯಲ್ಲಿ ನಿಮ್ಮದೇ ಆಗಿತ್ತು, ಏಪ್ರಿಲ್‌ನಲ್ಲಿ ಕಟ್ಟಿಸಿದ್ದಾಗಿತ್ತು.

ಈ ಪತ್ರಕ್ಕೆ ಇಪ್ಪತ್ತೆಂಟು ದಿನ ಹಿಡಿಯಿತು. ಮುಂದಿನದನ್ನು ಬರೆಯಲಾಗದೆ. ಏಪ್ರಿಲ್ ಹದಿನೆಂಟರ ಚೆಂಡು ಯಾವ ಮಗುವಿನದೂ ಅಲ್ಲ. ಎಸೆದವನು ನಾನು. ಪರೀಕ್ಷೆಯಲ್ಲಿ ಚೆಂಡು ತೋರಿಸುವುದುಂಟು, ಆದರೆ ಫುಟ್‌ಪಾತಿನ ಮೇಲೆ, ದೂರದಿಂದ, ಎಸೆಯದೆ. ನಾನು ನಡುರಸ್ತೆಯಲ್ಲಿ, ಅವಳ ಮೂಗಿನ ಕೆಳಗೆ ಎಸೆದೆ. ಎಸೆಯುವ ಮುಂಚೆ ನಾಲಗೆಯಿಂದ ಒಂದು ಸದ್ದು ಮಾಡಿದೆ. ಆ ಸದ್ದು ಅವಳಿಗೆ ಹುಟ್ಟಿದ ಎರಡನೇ ತಿಂಗಳಿಂದ ಗೊತ್ತು. ಯಾಕೆಂದರೆ ಮರಿಯಾಗಿ ಅವಳನ್ನು ಹತ್ತು ತಿಂಗಳು ಸಾಕಿದ್ದು ನನ್ನ ಮನೆಯಲ್ಲಿ. ತರಲೆ ಎಂದು ಕರೆಯುತ್ತಿದ್ದೆ. ಸಾಕಿದವನು ಕೊನೆಯ ಪರೀಕ್ಷೆ ಮಾಡಕೂಡದು ಎಂದು ನಿಯಮವಿದೆ. ಇನ್ನೊಬ್ಬ ಪರೀಕ್ಷಕಿ ರಜೆಯಲ್ಲಿದ್ದರು, ನಾನು ಸುಮ್ಮನಿದ್ದೆ, ಯಾರೂ ಕಡತ ತೆಗೆದು ನೋಡಲಿಲ್ಲ. ನಪಾಸಾದ ನಾಯಿಯನ್ನು ಮೊದಲು ಸಾಕಿದ ಮನೆಗೇ ಬೇಕೇ ಎಂದು ಕೇಳುತ್ತಾರೆ. ಅವಳನ್ನು ನಿಮಗೇ ಕೊಡಬೇಕೆಂದು ಪಟ್ಟಿಯಲ್ಲಿ ಮೇಲೆ ತಂದವನೂ ನಾನೇ. ಕೈಗೆ ಹಿಡಿಕೆ ಬಂದರೆ ನಿಮಗೆ ಇನ್ನೊಬ್ಬರ ತೋಳು ಬೇಡವಾಗುತ್ತದೆ, ಆ ತೋಳಿನವರು ಮನೆಗೆ ಹಿಂದಿರುಗಬಹುದು ಎಂದುಕೊಂಡಿದ್ದೆ. ನಾಲ್ಕು ತಿಂಗಳು ಕಾದೆ. ಒಂದು ಕಾಗದವೂ ಬರಲಿಲ್ಲ. ಆಗ ನಾಯಿಯಾದರೂ ಬರಲಿ ಎನ್ನಿಸಿತು.

ಇಷ್ಟರ ಮೇಲೂ ಗುರುತು ಗುರುತೇ. ನೀವು ಬಿದ್ದಿದ್ದೀರಿ. ಎಲ್ಲಿ, ಹೇಗೆ ಎಂದು ತಿಳಿಸದೆ ನಾನು ಯಾವ ಕಾಗದಕ್ಕೂ ರುಜು ಹಾಕುವುದಿಲ್ಲ.

ಪರೀಕ್ಷಕ


ಜೂನ್ 24

ಪರೀಕ್ಷಕರಿಗೆ,

ಇಪ್ಪತ್ತೆಂಟು ದಿನ ತೆಗೆದುಕೊಂಡು ನೀವು ಬರೆದದ್ದು ಒಂದು ಕಂಬಿ, ಒಂದು ಗೀರು, ಒಂದು ಹಲ್ಲಿನ ಕಥೆ. ಅಕ್ಕ ಓದಿ ಮುಗಿಸಿದಾಗ "ಇಷ್ಟೇನಾ?" ಎಂದು ಕೇಳಿದೆ. "ಇಷ್ಟೇ" ಎಂದಳು.

ಪೊಲೀಸಿನವನ ಹಾಗೆ ನನ್ನ ಬಾಯೊಳಗೆ ಕೈಹಾಕಬೇಡಿ. ಹಲ್ಲು ಬಾಗಿಲಿಗೆ ತಗಲಿ ಮುರಿಯಿತು. ದಂತವೈದ್ಯರ ಚೀಟಿಯಲ್ಲೂ ಹಾಗೇ ಇದೆ. ಹಿಡಿಕೆ ಆಫೀಸಿನಲ್ಲಿ ಬೀರುವಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು.

ಮಗುವೊಂದು ರಸ್ತೆಯಲ್ಲಿ ಚೆಂಡು ಬಿಟ್ಟರೆ ಅದು ನಾಯಿಯ ತಪ್ಪು. ಆರು ಹೆಜ್ಜೆ ಹಿಂದೆ ನಿಂತು ಪೆನ್ನು ತೆಗೆಯುವವರ ತಪ್ಪೇನೂ ಇಲ್ಲ. ನೀವು ಯಾವತ್ತೂ ಹಾಗೆಯೇ. ನಿಮ್ಮ ಮನೆಯಲ್ಲಿ ಗಾಜಿನ ಲೋಟ ಒಡೆದರೂ ಅದನ್ನು ಮೇಜಿನ ಅಂಚಿಗೆ ಇಟ್ಟವರು ಯಾರು ಎಂಬ ವಿಚಾರಣೆ ನಡೆಯುತ್ತಿತ್ತು ಎಂದು ಅಕ್ಕ ಹೇಳುತ್ತಿದ್ದಳು.

ಮೇಲಿನವರಿಗೆ ಬರೆಯುತ್ತೇನೆ. ನಿಮ್ಮ ರುಜು ನಿಮ್ಮ ಹತ್ತಿರವೇ ಇರಲಿ.

ಟೈಪಿಸ್ಟ್


ಜುಲೈ 2

ಟೈಪಿಸ್ಟರಿಗೆ,

ಇದನ್ನು ಟೈಪ್ ಮಾಡಿಸಿ ನಿಮ್ಮ ಆಫೀಸಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಯಂತ್ರದಿಂದ ಓದಿಸಿಕೊಳ್ಳಿ. ಮನೆಗೆ ಒಯ್ಯಬೇಡಿ ಎಂದು ಹೇಳುವುದಿಲ್ಲ, ಅದು ನಿಮ್ಮಿಷ್ಟ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ, ನೀವು ನನ್ನನ್ನು ಆಡಿಸುತ್ತಿದ್ದೀರಿ ಎಂದುಕೊಂಡೆ. ಎರಡನೆಯ ಸಲ, ಆ ಮಾತನ್ನು ಬಾಯಿಬಿಟ್ಟು ಆಡುವಷ್ಟೂ ಲಾಯಕ್ಕಿಲ್ಲದವನು ನಾನು ಎಂದು ತೋರಿಸುತ್ತಿದ್ದೀರಿ ಎಂದುಕೊಂಡೆ. ಮೂರನೆಯ ಸಲ 'ಮಗುವೊಂದು ಚೆಂಡು ಬಿಟ್ಟರೆ' ಎಂಬಲ್ಲಿ ನಿಂತೆ. ನನ್ನ ಜೂನ್ ಹದಿನೇಳರ ಪತ್ರದ ಎರಡನೆಯ ಪ್ಯಾರಾ ನಿಮ್ಮ ಕಿವಿಗೆ ಬಿದ್ದಿಲ್ಲ.

ಅದರಲ್ಲಿದ್ದದ್ದನ್ನು ಮತ್ತೆ ಬರೆಯುತ್ತೇನೆ. ಮೊದಲ ಸಲ ಬರೆದಷ್ಟು ಚೆನ್ನಾಗಿ ಬರುವುದಿಲ್ಲ. ನಾಯಿಗೆ ಮರಿಯಿಂದ ಗೊತ್ತಿದ್ದ ಸದ್ದನ್ನು ನಾಲಗೆಯಿಂದ ಮಾಡಿ ಚೆಂಡನ್ನು ನಾನೇ ಎಸೆದೆ. ನಿಯಮ ಮೀರಿ ಎಸೆದೆ. ನಾಯಿ ಹತ್ತು ತಿಂಗಳು ನನ್ನ ಮನೆಯದು, ಅದನ್ನು ಮುಚ್ಚಿಟ್ಟು ಪರೀಕ್ಷೆಗೆ ಬಂದೆ. ನಪಾಸಾದರೆ ನನಗೇ ಸಿಗುತ್ತದೆ ಎಂದು ಗೊತ್ತಿತ್ತು. ನಿಮಗೆ ಅದನ್ನು ಕೊಡಿಸಿದ್ದೂ ನಿಮಗೋಸ್ಕರ ಅಲ್ಲ. ನಿಮ್ಮ ಅಕ್ಕನ ತೋಳಿಗೆ ಬಿಡುವು ಸಿಕ್ಕರೆ ಅವರು ಹಿಂದಿರುಗುತ್ತಾರೆ ಎಂದು.

ನಿಮಗೆ ಬೇಕಾದ ಆಯುಧ ಇದು. ಮೇಲಿನವರಿಗೆ ಬರೆಯುವಾಗ ಇದನ್ನೇ ಲಗತ್ತಿಸಿ. ಯಾಕೆ ಓದಲಿಲ್ಲ ಎಂದು ನಿಮ್ಮ ಅಕ್ಕನನ್ನು ಕೇಳಬೇಡಿ. ಕೇಳಿದರೂ ನನಗೆ ಬರೆಯಬೇಡಿ.

ಪರೀಕ್ಷಕ


ಜುಲೈ 5

ಪರೀಕ್ಷಕರಿಗೆ,

ಯಂತ್ರ ನಿಮ್ಮ ಪತ್ರವನ್ನು ರಕ್ತಪರೀಕ್ಷೆಯ ವರದಿ ಓದುವ ದನಿಯಲ್ಲೇ ಓದಿತು. ಅದು ಸರಿಯಾದ ದನಿ ಎನ್ನಿಸಿತು.

ಕೇಳಬೇಡಿ ಎಂದಿದ್ದಿರಿ. ಕೇಳಿದೆ. ಬರೆಯಬೇಡಿ ಎಂದಿದ್ದಿರಿ. ಬರೆಯುತ್ತಿದ್ದೇನೆ, ನಿಮಗೆ ನೋಯಲಿ ಎಂದೇ.

ಸಂಜೆ ಮನೆಗೆ ಬಂದು ಮೇಡಂಗೆ ಎದೆಪಟ್ಟಿ ಬಿಚ್ಚಿ, "ಅವತ್ತಿನ ಕಾಗದದಲ್ಲಿ ಒಂದು ಪ್ಯಾರಾ ಬಿಟ್ಟೆಯಂತೆ" ಎಂದೆ. ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಮಡಿಸುವ ಸದ್ದು ನಿಲ್ಲಲಿಲ್ಲ.

"ಗಂಟಲು ಕಟ್ಟಿತ್ತು."

"ಅದರ ಮುಂದಿನ ಪ್ಯಾರಾ ಓದೋವಾಗ ಬಿಟ್ಕೊಂತಾ?"

"ನೀನು ಡಾಕ್ಟರುಗಳ ಜೊತೆ ಇದ್ದೂ ಇದ್ದೂ ಅವರ ಥರಾನೇ ಪ್ರಶ್ನೆ ಕೇಳ್ತೀಯ."

"ನಾಯಿ ಹೋಗ್ತಿತ್ತು ಅಕ್ಕ. ಅದೊಂದು ಪ್ಯಾರಾದಿಂದ ಉಳೀತಿತ್ತು."

ಆಗ ಸದ್ದು ನಿಂತಿತು. "ಆರು ವರ್ಷ ಆಯ್ತು. ಒಂದು ದಿನ 'ಬಾ' ಅಂತ ಒಂದಕ್ಷರ ಬರೀಲಿಲ್ಲ ಆ ಮನುಷ್ಯ. ನನ್ನ ಜಾಗಕ್ಕೆ ಒಂದು ನಾಯಿ ಕಳಿಸ್ದ. ನಾನು ಹೋಗ್ಲಿಲ್ಲ ಅಂತ ಆ ನಾಯೀನ ವಾಪಸ್ ಕಿತ್ಕೊಳ್ಳೋಕೆ ಬಂದ. ತಪ್ಪಾಯ್ತು ಅಂತ ಜನ್ಮದಲ್ಲಿ ಮೊದಲನೇ ಸಲ ಅಂದಿದ್ದು ನಾಯಿ ವಿಷಯಕ್ಕೆ. ಅದನ್ನ ನಾನೇ ನನ್ನ ಬಾಯಿಂದ ನಿಂಗೆ ಓದಿ ಹೇಳ್ಬೇಕಾಗಿತ್ತಾ?"

ಮತ್ತೆ ಬಟ್ಟೆ ಮಡಿಸತೊಡಗಿ ಅವಳೇ, "ಸುಳ್ಳೇನೂ ಓದಲಿಲ್ಲ ನಾನು. ಬಿಟ್ಟೆ, ಅಷ್ಟೇ" ಎಂದಳು. ಆರು ವರ್ಷದಿಂದ ಬ್ಯಾಂಕಿನ ಕಾಗದ, ಔಷಧಿಯ ಚೀಟಿ, ಎಲ್ಲವನ್ನೂ ಅವಳೇ ಓದಿದ್ದಾಳೆ. ಇನ್ನು ಏನೇನು ಬಿಟ್ಟಿದ್ದಾಳೋ ಎಂಬ ಯೋಚನೆಯನ್ನು ನನ್ನ ಮನೆಗೆ ತಂದಿಟ್ಟವರು ನೀವು. ಅದಕ್ಕೂ ಒಂದು ಕಾಲಂ ಮಾಡಿಕೊಳ್ಳಿ.

ಆ ದಿನ ಚೆಂಡಿನ ಹಿಂದೆ ಯಾವ ಮಗುವೂ ಓಡಿಬರಲಿಲ್ಲ. ಮಗುವಿನ ಕಾಲಸದ್ದು ಇರಲಿಲ್ಲ, ಕೂಗೂ ಇರಲಿಲ್ಲ. ಕೇಳಿಸಿಕೊಂಡಿದ್ದೆ, ಯೋಚಿಸಿರಲಿಲ್ಲ. ಕಣ್ಣಿದ್ದವರ ಮಾತನ್ನು ಕಿವಿಗಿಂತ ಹೆಚ್ಚು ನಂಬುವ ಅಭ್ಯಾಸ ಇನ್ನೂ ಹೋಗಿಲ್ಲ.

ಈಗ ನೀವು ಕೇಳಿದ್ದಕ್ಕೆ ಉತ್ತರ. ಬಿದ್ದಿದ್ದೇನೆ. ಒಂದೇ ಸಲ, ಮಾರ್ಚ್ ಒಂಬತ್ತರಂದು, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ. ಅದಕ್ಕೆ ಎರಡು ದಿನ ಮುಂಚೆ ಮಕ್ಕಳ ವಾರ್ಡಿನ ಬಾಗಿಲಲ್ಲಿ ಒಂದು ರಬ್ಬರ್ ಚೆಂಡು ಉರುಳಿ ನಮ್ಮ ಕಾಲಬುಡಕ್ಕೆ ಬಂತು. ಮೇಡಂ ಕದಲಲಿಲ್ಲ. ಬಾಲ ಮಾತ್ರ ಗೋಡೆಗೆ ಬಡಿಯುತ್ತಿತ್ತು, ಡಬಡಬ ಎಂದು. ಆ ಸದ್ದು ಎರಡು ದಿನ ನನ್ನ ತಲೆಯಲ್ಲಿತ್ತು. ಚೆಂಡನ್ನು ನರ್ಸಿನಿಂದ ಕೇಳಿ ತೆಗೆದುಕೊಂಡೆ, ಜೇಬಿಗೆ ಹಾಕಿಕೊಂಡೆ. ಓಣಿಯಲ್ಲಿ ಯಾರ ಸದ್ದೂ ಇರಲಿಲ್ಲ. ಬಲಗೈಯಲ್ಲಿ ಚೆಂಡನ್ನು ಎದುರಿನ ಗೋಡೆಗೆ ಎಸೆದೆ. ಎಡಗೈಯಲ್ಲಿ ಹಿಡಿಕೆ ಇತ್ತು. ಬಿಚ್ಚಿ ಎಸೆಯಬೇಕಿತ್ತು ಎಂದು ನನಗೂ ಗೊತ್ತು. ಬಿಚ್ಚಿದರೆ ಅವಳು ಆಡುತ್ತಾಳೆ, ನಾನು ನಿಂತು ಕೇಳಬೇಕು. ಅವಳು ಹಾರುವುದು ನನ್ನ ಕೈಗೂ ಬರಲಿ ಎಂದಿತ್ತು.

ಎಂಟೂವರೆ ವರ್ಷದಿಂದ ಜನ ನನ್ನನ್ನು ಹಿಡಿದುಕೊಳ್ಳುತ್ತಾರೆ, ಕೂರಿಸುತ್ತಾರೆ, ಪಕ್ಕಕ್ಕೆ ಸರಿಸುತ್ತಾರೆ. ನನ್ನ ಕಡೆಗೆ ಯಾರೂ ಏನನ್ನೂ ಎಸೆದಿಲ್ಲ.

ಅವಳು ಹಾರಿದಳು. ನಾನು ಫುಟ್‌ಪಾತಿನ ಅಂಚಿನ ಮೇಲೆ ಬಾಯಿ ಅಡಿಯಾಗಿ ಬಿದ್ದೆ. ಬಾಯಲ್ಲಿ ರಕ್ತ, ಒಂದು ಹಲ್ಲಿನ ಚೂರು. ಚೆಂಡು ತಂದು ನನ್ನ ಕಿವಿಯ ಹತ್ತಿರ ಇಟ್ಟಳು. ನಾನು ನಗುತ್ತಿದ್ದೆ. ದಾಖಲೆಗಾಗಿ ಹೇಳುತ್ತಿದ್ದೇನೆ. ಮನೆಗೆ ಹೋದ ಮೇಲೆ ಬಾಗಿಲಿನ ಸುಳ್ಳನ್ನು ಅಕ್ಕನಿಗೂ ದಂತವೈದ್ಯರಿಗೂ ಹೇಳಿದೆ. ಅಕ್ಕ ನಂಬಲಿಲ್ಲ, ಕೇಳಲೂ ಇಲ್ಲ.

ಆದ್ದರಿಂದ ನಾವಿಬ್ಬರೂ ಎಸೆದವರೇ. ಅವಳು ಒಮ್ಮೆಯೂ ತಾನಾಗಿ ಗೆರೆ ಬಿಟ್ಟಿಲ್ಲ. ಪ್ಲೇಫುಲ್ ಎಂಬ ಪದವನ್ನು ಯಾರ ಹೆಸರಿನ ಮುಂದೆ ಬರೆಯಬೇಕಿತ್ತು ಎಂದು ನೀವೇ ನೋಡಿಕೊಳ್ಳಿ. ಇದರಿಂದ ನಾವು ಹತ್ತಿರವಾದೆವು ಎಂದುಕೊಳ್ಳಬೇಡಿ. ನಾನು ಮುರಿದುಕೊಂಡದ್ದು ನನ್ನ ಹಲ್ಲು. ನೀವು ನಡುರಸ್ತೆಯಲ್ಲಿ ಎಸೆದಾಗ ಹಿಡಿಕೆಯ ಈ ತುದಿಯಲ್ಲಿ ಇದ್ದವನು ನಾನು, ಎದುರಿಗೆ ಬರುತ್ತಿದ್ದದ್ದು ವ್ಯಾನು.

ನಿಮ್ಮ ಪತ್ರವನ್ನು ಮೇಲಿನವರಿಗೆ ಕಳಿಸಿಲ್ಲ. ಹದಿನೈದರವರೆಗೆ ಕಾಯುತ್ತೇನೆ.

ಟೈಪಿಸ್ಟ್


ಜುಲೈ 12

ಭಾವಮೈದನಿಗೆ,

ಮತ್ತೆ ಕೈಯಲ್ಲೇ ಬರೆಯುತ್ತಿದ್ದೇನೆ. ಅವಳೇ ಓದಲಿ. ಬಿಟ್ಟು ಓದಿದರೂ ಸರಿ.

ಹದಿನೈದರವರೆಗೆ ಕಾಯಬೇಕಾಗಿಲ್ಲ. ಎಂಟನೇ ತಾರೀಖು ನಾನೇ ಮುಖ್ಯಸ್ಥರ ಕೋಣೆಗೆ ಹೋಗಿ ನಾನು ಮಾಡಿದ್ದೆಲ್ಲವನ್ನೂ ಹೇಳಿದೆ. ಅವರು "ಇಪ್ಪತ್ತೆರಡು ವರ್ಷ ಸರ್ವೀಸ್ ಮಾಡಿ ಒಂದು ಚೆಂಡಿಗೆ ಸಿಕ್ಕಿಹಾಕ್ಕೊಂಡ್ರಲ್ಲ ಮಾರಾಯ್ರೇ" ಎಂದರು. ನನ್ನನ್ನು ಪರೀಕ್ಷೆಯ ಕೆಲಸದಿಂದ ತೆಗೆದಿದ್ದಾರೆ. ಈಗ ಬೆಳಿಗ್ಗೆ ಗೂಡುಗಳನ್ನು ತೊಳೆಯುವುದು, ಮಧ್ಯಾಹ್ನ ಮರಿಗಳಿಗೆ ಊಟ ಹಾಕುವುದು. ಮರಿಗಳನ್ನು ಮನೆಗೆ ಒಯ್ಯುವಂತಿಲ್ಲ.

ನನ್ನ ವರದಿ ರದ್ದಾಗಿದೆ. ಇಪ್ಪತ್ತೈದರಂದು ಇನ್ನೊಬ್ಬ ಪರೀಕ್ಷಕಿ ನಿನ್ನ ಊರಿಗೆ ಬರುತ್ತಾರೆ. ಕಟ್ಟುನಿಟ್ಟಿನ ಹೆಂಗಸು. ಅವರು ಪಾಸು ಮಾಡಿದರೆ ನಾಯಿ ನಿನ್ನದು. ನಪಾಸು ಮಾಡಿದರೆ ಬೇರೆ ಯಾರದೋ ಮನೆಗೆ ಹೋಗುತ್ತದೆ. ನನ್ನ ಹಕ್ಕನ್ನು ಬಿಟ್ಟುಕೊಟ್ಟು ಬರೆದುಕೊಟ್ಟಿದ್ದೇನೆ. ಇದರಲ್ಲಿ ದೊಡ್ಡತನವಿಲ್ಲ, ಕೇಳಿದ್ದರಿಂದ ಕೊಟ್ಟೆ.

ನೀನು ಬಿದ್ದ ವಿಷಯ ಯಾರಿಗೂ ಹೇಳಿಲ್ಲ. ಫಾರಮ್ಮಿನಲ್ಲಿ ಆ ಪ್ರಶ್ನೆ ಇದೆ, ಪರೀಕ್ಷಕಿ ಕೇಳುತ್ತಾರೆ. ಇಲ್ಲ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಹೌದು ಎಂದರೆ ನಾಯಿ ಹೋಗಬಹುದು. ನೀನು ಏನು ಹೇಳುತ್ತೀಯ ಎಂದು ತಿಳಿಯುವ ಕುತೂಹಲವಿದೆ. ಒಳ್ಳೆಯ ಕುತೂಹಲವಲ್ಲ.

ನಗುತ್ತಿದ್ದೆ ಎಂದು ಬರೆದಿದ್ದೀಯ. ಅದನ್ನು ಓದಿ ನನಗೆ ಬಂದದ್ದು ಹೊಟ್ಟೆಕಿಚ್ಚು. ನಾನು ಎಸೆದಾಗ ಅವಳು ಮೂರು ಹೆಜ್ಜೆ ಬಂದು, ನಿನ್ನ ಭಾರ ಕೈಗೆ ಬಂದೊಡನೆ ನಿಂತಳು. ಚೆಂಡು ಮುಟ್ಟಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಇದನ್ನು ಎರಡು ಸಲವೂ ಬರೆದಿರಲಿಲ್ಲ.

ಓದುತ್ತಿರುವವಳಿಗೆ ಒಂದು ಮಾತು. ನಾಯಿಯನ್ನು ನಿನ್ನ ಜಾಗಕ್ಕೆಂದು ಕಳಿಸಲಿಲ್ಲ ಎಂದು ಬರೆಯಲು ಕೂತೆ. ಬರೆದರೆ ಸುಳ್ಳಾಗುತ್ತದೆ. 'ಬಾ' ಎಂಬ ಆ ಒಂದಕ್ಷರ ಬರೆಯಲು ಈಗ ಮನಸ್ಸಿದೆ, ಮುಖವಿಲ್ಲ.

ಪರೀಕ್ಷಕ ಎಂದು ರುಜು ಹಾಕುವಂತಿಲ್ಲ.


ಆಗಸ್ಟ್ 19

ಭಾವನವರಿಗೆ,

ಬೇರೆ ಸಂಬೋಧನೆ ಸಿಗಲಿಲ್ಲ. ಹೆಚ್ಚು ಅರ್ಥ ಹಚ್ಚಬೇಡಿ.

ನಿಮ್ಮ ಪತ್ರವನ್ನು ಅಕ್ಕ ಓದಿದಳು. ಕೊನೆಯ ಪ್ಯಾರಾ ಬಂದಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದ ಸದ್ದು ಕೇಳಿಸಿತು. ಮತ್ತೆ ಓದಿದಳು. ಏನನ್ನೂ ಬಿಡಲಿಲ್ಲ ಎಂದು ನಂಬಿದ್ದೇನೆ. ನಂಬದೆ ನನಗೆ ಬೇರೆ ದಾರಿಯಿಲ್ಲ. ಪತ್ರವನ್ನು ಎಲ್ಲಿಟ್ಟಳೋ ಗೊತ್ತಿಲ್ಲ. ಉತ್ತರ ಬರೆಯುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ನೀವೂ ನನ್ನ ಮೂಲಕ ಕೇಳಬೇಡಿ.

ಜುಲೈ ಇಪ್ಪತ್ತೈದರಂದು ಪರೀಕ್ಷಕಿ ಬಂದರು. ರಸ್ತೆಗೆ ಇಳಿಯುವ ಮುಂಚೆ, "ಎಷ್ಟು ಸಲ ಬಿದ್ದಿದೀರಿ?" ಎಂದರು. "ಒಂದು ಸಲ" ಎಂದೆ.

"ನಾಯಿ ಎಳೀತಾ?"

"ನಾನು ಚೆಂಡು ಎಸೆದೆ."

"ಹಿಡಿಕೆ ಹಿಡ್ಕೊಂಡೇ?"

"ಹೌದು."

ಪೆನ್ನಿನ ಸದ್ದು ಬಹಳ ಹೊತ್ತು ಬಂತು. "ವಯಸ್ಸೆಷ್ಟು ನಿಮ್ಗೆ?" ಎಂದು ಕೇಳಿದರು. ಹೇಳಿದೆ. ಅದನ್ನೂ ಬರೆದುಕೊಂಡರು.

ಎರಡನೇ ರಸ್ತೆಯ ಹತ್ತಿರ ಅವರು ತಮ್ಮ ಚೆಂಡನ್ನು ತೆಗೆದು ಫುಟ್‌ಪಾತಿನ ಮೇಲೆ ತೋರಿಸಿದರು, ನಿಯಮದ ಪ್ರಕಾರ. ನನಗೆ ಕಾಣಲಿಲ್ಲ, ಕೇಳಿಸಲೂ ಇಲ್ಲ. ಹಿಡಿಕೆಯಲ್ಲಿ ತಿಳಿಯಿತು. ಒಂದು ಸಣ್ಣ ನಡುಕ ಅವಳ ಹೆಗಲಿನಿಂದ ಎದ್ದು ಕಂಬಿಯೊಳಗೆ ಓಡಿ ನನ್ನ ಬೆರಳಿಗೆ ಬಂದು ನಿಂತಿತು. ಬಾಲ ಅಲ್ಲಾಡಲಿಲ್ಲ. ರಸ್ತೆಯ ಅಂಚಿನಲ್ಲಿ ಕೂತಳು. ನಾನು "ನಡಿ" ಎಂದೆ, ನೇರವಾಗಿ ದಾಟಿಸಿದಳು. ಪರೀಕ್ಷಕಿ ಸ್ಟೆಡಿ ಎಂದು ಬರೆದು ಅಲ್ಲೇ ಓದಿ ಹೇಳಿದರು. ನಾಯಿ ಉಳಿಯಿತು. ನಾನು ಥ್ಯಾಂಕ್ಸ್ ಹೇಳಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ನಡುಕದ ಬಗ್ಗೆಯೇ ಯೋಚಿಸಿದೆ. ನಾವಿಬ್ಬರೂ ಎಸೆಯದಿದ್ದರೆ ಅವಳು ಬಾಲವನ್ನಾದರೂ ಬಡಿಯುತ್ತಿದ್ದಳೇನೋ. ಅದಕ್ಕೆ ಫಾರಮ್ಮಿನಲ್ಲಿ ಪದವಿಲ್ಲ.

ಇನ್ನು ಮೊನ್ನೆ ಸೋಮವಾರದ ವಿಷಯ. ಬೆಳಿಗ್ಗೆ ಎಂಟೂವರೆಗೆ ನಮ್ಮ ರಸ್ತೆಯ ಮೂಲೆಯಲ್ಲಿ, ಔಷಧಿ ಅಂಗಡಿಯ ಮುಂದೆ, ಮೇಡಂ ನಿಂತುಬಿಟ್ಟಳು. ಅಲ್ಲಿ ಅಂಚಿಲ್ಲ, ಗುಂಡಿಯಿಲ್ಲ, ಅಡ್ಡ ಏನೂ ಇಲ್ಲ. ದಿನಾ ನಡೆಯುವ ಜಾಗ. ಎದುರಿಗೆ ಯಾರೋ ಇದ್ದರು. ಜನ ನಿಂತರೆ ಬಟ್ಟೆಯ ಸದ್ದಿರುತ್ತದೆ, ಕಾಲು ಬದಲಿಸುತ್ತಾರೆ, ಕುರುಡನನ್ನು ಕಂಡರೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಇವರು ಉಸಿರು ಸಹ ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕುರುಡರ ಆರು ಹೆಜ್ಜೆ ಹಿಂದೆ ನಡೆದವರಿಗೆ ಮಾತ್ರ ಹಾಗೆ ನಿಲ್ಲಲು ಬರುತ್ತದೆ. ನೀವು ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದಿರಬೇಕು. ಯಾರನ್ನು ನೋಡಲು ಬಂದಿರಿ ಎಂದು ಕೇಳುವುದಿಲ್ಲ. ಕುರುಡನ ಎದುರು ಸದ್ದಿಲ್ಲದೆ ನಿಲ್ಲುವುದು ಕದಿಯುವುದಕ್ಕೆ ಸಮ ಎಂದು ಮಾತ್ರ ಹೇಳುತ್ತೇನೆ. ಮನೆಗೆ ಕರೆಗಂಟೆ ಇದೆ.

ನಾನು "ನಡಿ" ಎಂದೆ. ಅವಳು ಕದಲಲಿಲ್ಲ. ಎರಡನೆಯ ಸಲವೂ ಕದಲಲಿಲ್ಲ. ನೀವು ನಾಲಗೆಯಿಂದ ಸದ್ದು ಮಾಡಲಿಲ್ಲ, ಅದನ್ನು ಗಮನಿಸಿದ್ದೇನೆ. ಮೂರನೆಯ ಸಲಕ್ಕೆ ಬಂದಳು.

ಎರಡು ಸಲ ಹೇಳಿಯೂ ನಡೆಯದಿದ್ದರೆ ಅದನ್ನು ಆ ದಿನವೇ ಕೇಂದ್ರಕ್ಕೆ ತಿಳಿಸಬೇಕು ಎಂದು ಕೈಪಿಡಿಯ ಒಂಬತ್ತನೇ ಪುಟದಲ್ಲಿದೆ. ತಿಳಿಸಿಲ್ಲ.

ಟೈಪಿಸ್ಟ್